ಮೂಲಕ್ಕೆ ಹಾಕಿ ನೋಡಿ

"ಎರಡು ಬಂದಿದೆ, ಮಾರಾಯ. ಒಂದು ಸರಿ ಉಂಟು. ಇನ್ನೊಂದು ನೋಡ್ಲಿಕ್ಕೆ ಚಂದವೇ, ಆದ್ರೆ ಹೊಂದುವುದಿಲ್ಲ. ಅದನ್ನು ಬಿಟ್ಟುಬಿಡುವ."

ನಾವಿಬ್ಬರೂ ಪಾಠ ಮಾಡುವ ಪುಂಜಾಲಕಟ್ಟೆಯ ಟ್ಯೂಷನ್ ಸೆಂಟರಿನ ಮೆಟ್ಟಿಲ ಮೇಲೆ ನಿಂತು ಮನ್ವಿತ್ ಸರ್ ಫೋನಿನಲ್ಲಿ ಹೀಗೆ ಹೇಳುತ್ತಿದ್ದಾಗ ನಾನು ಕೆಳಗೆ ಚಪ್ಪಲಿ ಕಳಚುತ್ತಿದ್ದೆ. ಒಂದು ಕಾಲಿನದು ಕಳಚಿತು, ಇನ್ನೊಂದು ಹಾಗೆಯೇ ಉಳಿಯಿತು.

ಆ ವಾರವೇ ನಾರಾವಿಯ ರುಕ್ಮಯ್ಯ ಮಾವ ಬ್ರೋಕರಿನ ಕೈಯಲ್ಲಿ ನನ್ನ ಜಾತಕ, ಫೋಟೋ ಎರಡನ್ನೂ ಪುತ್ತಿಗೆಯ ಮನ್ವಿತ್ ಸರ್ ಅವರ ಮನೆಗೆ ಕಳಿಸಿದ್ದರು. ಮಾವನಿಗೆ ಅದು ಬಂದ ಸಂಬಂಧಗಳಲ್ಲಿ ಒಂದು. ನನಗೆ ಹಾಗಲ್ಲ. ಅವರು ಚಾಕ್‌ಪೀಸನ್ನು ಕಿವಿಯ ಹಿಂದೆ ಸಿಕ್ಕಿಸಿ ಮರೆತುಬಿಡುವುದು, ನಾನು ಕಣ್ಣಲ್ಲೇ ತೋರಿಸಿಕೊಟ್ಟರೆ ಬೇಕೆಂದೇ ಇನ್ನೊಂದು ಕಿವಿಯನ್ನು ಮುಟ್ಟಿ ನೋಡುವುದು, ಇವೆಲ್ಲ ನಾನು ಯಾರಿಗೂ ತೋರಿಸದೆ ಕೂಡಿಟ್ಟುಕೊಂಡ ಸುಖಗಳು.

ಅವರಿಗೆ ಬಂದ ಎರಡು ಜಾತಕಗಳಲ್ಲಿ ಆ 'ಇನ್ನೊಂದು' ನನ್ನದೇ ಎಂದುಕೊಂಡೆ. ಅವರು ಬೇಡ ಎನ್ನುವ ಮೊದಲು ನಾನೇ ಅಂದುಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ ಅನಿಸಿತು. ಸಂಜೆಯೇ ಮಾವನಿಗೆ ಫೋನ್ ಮಾಡಿದೆ.

"ನನಗೆ ಈ ಸಂಬಂಧ ಬೇಡ ಮಾವ."

"ಎಂತಕ್ಕೆ ಮಗಾ?"

"ಸುಮ್ಮನೆ."

"ಸುಮ್ಮನೆ ಅಂತ ಅವರಿಗೆ ಹೇಳ್ಲಿಕ್ಕೆ ಆಗ್ತದಾ?" ಗೊಣಗಿದರೂ ಮಾವ ಹೇಳಿ ಕಳಿಸಿದರು.

ಶನಿವಾರ ಹತ್ತನೆಯ ತರಗತಿಗೆ ಒಂದು ಲೆಕ್ಕ ಬಿಡಿಸುತ್ತಿದ್ದೆ: √(x + 6) = x. ಎರಡೂ ಬದಿಯನ್ನು ವರ್ಗ ಮಾಡಿದೆವು. ಮೂರು ಬಂತು, ಮೈನಸ್ ಎರಡೂ ಬಂತು.

"ಮೈನಸ್ ಎರಡನ್ನು ಬಿಡಬೇಕು," ಎಂದೆ.

ಮುಂದಿನ ಬೆಂಚಿನ ಹನಾ ಒಪ್ಪಲಿಲ್ಲ. "ನಾವು ಎಲ್ಲಿಯೂ ತಪ್ಪು ಮಾಡ್ಲಿಲ್ಲ ಟೀಚರ್. ಮತ್ತೆ ತಪ್ಪು ಉತ್ತರ ಎಲ್ಲಿಂದ ಬಂತು?"

ಇಂಥದಕ್ಕೆಲ್ಲ ನನ್ನ ಬಳಿ ಇರುವುದು ಚಿಕ್ಕಂದಿನಲ್ಲಿ ಸೇಸಮ್ಮಜ್ಜಿ ಹೇಳುತ್ತಿದ್ದ ಕತೆಗಳೇ.

"ಒಬ್ಬಳು ಗದ್ದೆಯಿಂದ ಬರುವಾಗ ಅಂಗಳದಲ್ಲಿ ಇಬ್ಬರು ಗಂಡಂದಿರು. ಒಬ್ಬ ನಿಜ, ಒಬ್ಬ ಮಾಯದವ. ಮಬ್ಬು ಬೆಳಕಿಗೆ ಇಬ್ಬರದ್ದೂ ಒಂದೇ ಮುಖ. ಎರಡರ ವರ್ಗವೂ ನಾಲ್ಕೇ, ಮೈನಸ್ ಎರಡರ ವರ್ಗವೂ ನಾಲ್ಕೇ. ಹಾಗೆ."

"ಮತ್ತೆ?"

"ಅವಳು ಜಗಳ ಮಾಡ್ಲಿಲ್ಲ. ಇಬ್ಬರೂ ಒಳಗೆ ಬನ್ನಿ ಅಂದಳು. ಆ ಮನೆಯ ಬಾಗಿಲು ಗಿಡ್ಡ. ನಿಜವಾದವ ಅಭ್ಯಾಸದಿಂದ ತಲೆ ಬಗ್ಗಿಸಿದ. ಮಾಯದವನ ಹಣೆ ದಾರಂದಕ್ಕೆ ಟಪ್!"

ಮಕ್ಕಳು ನಕ್ಕರು.

"ವರ್ಗ ಮಾಡುವ ಮೊದಲಿನ ಸಮೀಕರಣವೇ ಆ ಮನೆ. ಬಂದ ಉತ್ತರವನ್ನು ಮೂಲಕ್ಕೆ ಹಾಕಿ ನೋಡ್ಬೇಕು. ಮೈನಸ್ ಎರಡು ಹಾಕಿ: ಒಂದು ಬದಿ ಎರಡು, ಇನ್ನೊಂದು ಬದಿ ಮೈನಸ್ ಎರಡು. ಟಪ್!"

ಆ ನಗುವಿನ ನಡುವೆ ಒಂದು ದಪ್ಪ ದನಿಯ ನಗು ಬಾಗಿಲಿನಿಂದ ಬಂತು. ಮನ್ವಿತ್ ಸರ್. ಕಣ್ಣು ಕೂಡಿತು. ಅವರ ನಗು ಅರ್ಧದಲ್ಲೇ ನಿಂತಿತು. ನಾನು ಗಡಿಬಿಡಿಯಲ್ಲಿ ಡಸ್ಟರ್ ಹುಡುಕಿದೆ, ಅದು ನನ್ನ ಕೈಯಲ್ಲೇ ಇತ್ತು.

ತರಗತಿ ಮುಗಿಸಿ ಬೆಳ್ತಂಗಡಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಮನ್ವಿತ್ ಸರ್ ಪಕ್ಕದಲ್ಲಿ ಬಂದು ನಿಂತರು. ಅವರ ಊರಿನ ದಾರಿ ಇದಲ್ಲ.

"ಟೀಚರ್, ನಿಮ್ಮ ಕಡೆಯಿಂದ ಬೇಡ ಅಂತ ಬಂತು."

"ಹೌದು."

"ಉತ್ತರ ಬಂತಲ್ಲ, ಇನ್ನು ಬಿಡು ಅಂದ್ರು ಅಮ್ಮ. ಆದ್ರೆ ಅದು ಮಾವ, ಬ್ರೋಕರ್, ಅಮ್ಮ, ಇಷ್ಟು ಬಾಯಿ ದಾಟಿ ಬಂದ ಉತ್ತರ. ಅದಕ್ಕೆ ನಿಮ್ಮ ಹತ್ರವೇ ಕೇಳುವ ಅಂತ." ಅವರ ಕಿವಿ ಕೆಂಪಾಗಿತ್ತು. "ಬೇಡ ಅಂದದ್ದು ನೀವೇಯಾ?"

"ಮೊದಲು ಬಿಟ್ಟದ್ದು ನೀವಲ್ವಾ? ಎರಡು ಬಂದಿದೆ, ಒಂದು ಹೊಂದುವುದಿಲ್ಲ ಅಂತ ಫೋನಲ್ಲಿ..."

ಅವರು ಹಣೆಗೆ ಕೈ ಬಡಿದುಕೊಂಡರು.

"ಅದು ಇಹ್ಸಾನ್ ಹತ್ರ! ನಮ್ಮ ಪಿಯುಸಿ ಕ್ಲಾಸಿನವ. ಅವನ ಲೆಕ್ಕಕ್ಕೆ ಎರಡು ಉತ್ತರ ಬಂದದ್ದು, ಮಾರಾಯ್ತಿ!"

ಗಣಿತದ ಟೀಚರಾದ ನನಗೇ ಅದು ಹೊಳೆದಿರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ. ಆದರೆ ಆ 'ಮಾರಾಯ್ತಿ' ಮಾತ್ರ ಕಿವಿಯಲ್ಲಿ ಸಕ್ಕರೆಯಂತೆ ಕರಗುತ್ತಿತ್ತು.

"ಮಕ್ಕಳಿಗೆ ಅಷ್ಟು ಚಂದ ಹೇಳಿಕೊಟ್ರಿ," ಎಂದರು ಮೆಲ್ಲಗೆ. "ನನ್ನನ್ನು ಮಾತ್ರ ಹಾಕಿ ನೋಡದೆಯೇ ಅಳಿಸಿದ್ರಾ?"

ಅವರಿಗೂ ಆ 'ಬೇಡ'ವನ್ನು ನಂಬಿ ಹಿಂದೆ ಸರಿಯುವುದು ಸುಲಭವಿತ್ತು. ಮರ್ಯಾದೆಯೂ ಉಳಿಯುತ್ತಿತ್ತು. ಆದರೂ ಅದನ್ನು ಬದಿಗಿಟ್ಟು, ಬಿಸಿಲಲ್ಲಿ, ತಮ್ಮದಲ್ಲದ ಬಸ್‌ಸ್ಟಾಪಿಗೆ ನಡೆದು ಬಂದಿದ್ದರು. ಆ ಹೊತ್ತು ನನ್ನೊಳಗೆ ಎದ್ದದ್ದು ಪ್ರೀತಿಯಲ್ಲ, ಅದಕ್ಕಿಂತ ಹಳೆಯದೇನೋ. ಕೈ ಮುಗಿಯಬೇಕು ಅನಿಸುವಂಥದು.

"ಥ್ಯಾಂಕ್ಸ್."

"ಎಂತಕ್ಕೆ?"

"ಕೇಳ್ಲಿಕ್ಕೆ ಬಂದದ್ದಕ್ಕೆ."

"ಬಂದದ್ದು ಥ್ಯಾಂಕ್ಸಿಗೆ ಅಲ್ಲ ಟೀಚರ್, ಉತ್ತರಕ್ಕೆ."

ಬಸ್ಸು ಬಂತು. ನಾನು ಹತ್ತಲಿಲ್ಲ. ಅವರೆದುರೇ ಫೋನ್ ಮಾಡಿದೆ.

"ಮಾವ, ಬೇಡ ಅಂದಿದ್ದೆನಲ್ಲ, ಅದು ಬೇಡ."

"ಎಂತದು ಮಗಾ? ಸರಿ ಹೇಳು. ಬೇಕಾ, ಬೇಡ್ವಾ?"

ಮನ್ವಿತ್ ಉಸಿರು ಬಿಡದೆ ನನ್ನನ್ನೇ ನೋಡುತ್ತಿದ್ದರು.

"ಬೇಕು ಮಾವ," ಎಂದೆ, ಹೊರಟ ಬಸ್ಸಿನ ಕಂಡಕ್ಟರ್ ಕೂಡ ತಿರುಗಿ ನೋಡುವಷ್ಟು ಗಟ್ಟಿಯಾಗಿ.