ಭದ್ರಾವತಿ ರೈಲು ಬರುವ ಹೊತ್ತಿಗೆ

"ಬೆಳಿಗ್ಗೆ ಬಿಟ್ಟ ಸೈಕಲ್ಲು, ಸಂಜೆ ತಗೊಳ್ತಿದ್ದೀನಿ. ಇದಕ್ಕೆ ರಾತ್ರಿ ಬಾಡಿಗೆ ಯಾಕ್ರೀ ಕೊಡ್ಬೇಕು?"

ಜಯಶೀಲಾ ತಲೆ ಎತ್ತಿದಳು. ಎದುರಿಗೆ ನಿಂತವನು ಭದ್ರಾವತಿ ರೈಲಿನಿಂದ ಆಗಷ್ಟೇ ಇಳಿದು ಬಂದಿದ್ದ. ಅಂಗಿಯ ತೋಳಿಗೆ ಕಾರ್ಖಾನೆಯ ಮಸಿ, ಕಣ್ಣಲ್ಲಿ ಸಿಟ್ಟು. ಆದರೂ ಎಂಥ ಕಣ್ಣು...

"ದೀಪ ಹಚ್ಚಾಯ್ತಲ್ಲ," ಎಂದಳು ಮೆಲ್ಲಗೆ. "ದೀಪ ಹಚ್ಚಿದ ಮೇಲೆ ರಾತ್ರಿ ಲೆಕ್ಕ. ನಮ್ಮ ಅಪ್ಪಾಜಿ ಮಾಡಿರೋ ರೂಲು."

ಅವನು ಕಂಬದ ಲಾಟೀನನ್ನು ನೋಡಿದ. ಆಮೇಲೆ ಆಕಾಶ ನೋಡಿದ. ಬಿಸಿಲು ಇನ್ನೂ ಸ್ಟೇಷನ್ನಿನ ಹೆಂಚಿನ ಮೇಲೆಯೇ ಇತ್ತು.

"ಹಚ್ಚಿದ್ದು ಯಾರು?"

"ನಾನೇ."

"ನಿಮ್ಮ ಕಣ್ಣು ನೋಡಿದ್ರೆ ಚೆನ್ನಾಗೇ ಕಾಣೋ ಹಾಗಿದೆಯಲ್ಲ."

ಹಗಲಿನದು, ರಾತ್ರಿಯದು ಎರಡೂ ಬಾಡಿಗೆಯನ್ನು ಮೇಜಿನ ಮೇಲಿಟ್ಟು ಹೊರಟೇಹೋದ. ಅವಳ ಕೆನ್ನೆ ಬಿಸಿಯಾಯಿತು. 'ಬೈದನೋ, ಹೊಗಳಿದನೋ?' ಎಂದು ಯೋಚಿಸುತ್ತ ಕುಳಿತಳು.

ಶಿವಮೊಗ್ಗದ ರೈಲ್ವೆ ಸ್ಟೇಷನ್ ಎದುರಿಗೆ ಆಗ ಇದ್ದದ್ದು ಅದೊಂದೇ ಸೈಕಲ್ ಸ್ಟ್ಯಾಂಡು. ಭದ್ರಾವತಿಗೆ ಕೆಲಸಕ್ಕೆ ಹೋಗುವವರಿಗೆ ಬೇರೆ ಗತಿಯಿರಲಿಲ್ಲ. ಅದರ ಯಜಮಾನ, ಜಯಶೀಲಾಳ ತಂದೆ ಷಡಕ್ಷರಪ್ಪ ಕೆಟ್ಟವರೇನಲ್ಲ, ಬರೀ ಜುಗ್ಗ. ಜುಗ್ಗ ಅಂದರೆ ಎಂಥ ಜುಗ್ಗ ಅಂತೀರಿ... ದೇವರ ಮುಂದೆ ದೀಪವಿಟ್ಟ ಕೂಡಲೇ ಸ್ಟ್ಯಾಂಡಿಗೂ ದೀಪ ಇಡುವುದು ಆ ಮನೆಯ ಪದ್ಧತಿ. ಆ ಪದ್ಧತಿಯನ್ನೇ ಅವರು ವ್ಯಾಪಾರಕ್ಕೆ ಹಚ್ಚಿದ್ದರು. ದೂರದಲ್ಲಿ ರೈಲು ಕೂಗಿದರೆ ಸಾಕು, "ಜಯಾ, ದೀಪ ಹಚ್ಚವ್ವ" ಎಂದು ಹಿಂದಿನ ಮನೆಯಿಂದ ದನಿ ಬರುತ್ತಿತ್ತು. ತಾಯಿಯಿಲ್ಲದ ಮಗಳು, ಹೇಳಿದ್ದನ್ನು ಮಾಡುತ್ತಿದ್ದಳು. ರೈಲಿಳಿದವರು ರಸ್ತೆ ದಾಟುವಷ್ಟರಲ್ಲಿ ಷಡಕ್ಷರಪ್ಪನವರ ಪಾಲಿಗೆ ರಾತ್ರಿ!

ಮರುದಿನ ರೈಲು ಕೂಗಿತು. ಒಳಗಿನಿಂದ ದನಿಯೂ ಬಂತು.

"ಲಾಟೀನಿನ ಗಾಜು ಒರೆಸ್ತಿದ್ದೀನಿ ಅಪ್ಪಾಜಿ," ಎಂದಳು ಜಯಶೀಲಾ. ಅವರು ಲಿಂಗಪೂಜೆಗೆ ಕುಳಿತಿದ್ದರು, ಎದ್ದು ಬರುವಂತಿರಲಿಲ್ಲ.

ಎಲ್ಲರೂ ಒಂದೇ ಬಾಡಿಗೆ ಕೊಟ್ಟು ಹೋದರು. ಕೊನೆಗೆ ಅವನು ಬಂದ. ದೀಪವಿಲ್ಲದ ಕಂಬ ನೋಡಿದ, ಅವಳನ್ನು ನೋಡಿದ, ನಕ್ಕ.

ಆಮೇಲೆ ದಿನಾ ಗಾಜು ಒರೆಸುವುದೇ ಆಯಿತು.

"ಇವತ್ತೂ ಮುಗೀಲಿಲ್ವ ಮಾರಾಯ್ತಿ?" ಅನ್ನುವನು ಅವನು.

"ಮಸಿ ಜಾಸ್ತಿ," ಅನ್ನುವಳು ಅವಳು.

ಅವನ ಹೆಸರು ಶಿವಶಂಕರಪ್ಪ, ಊರಿನ ಹೊಸಮನೆ ಬಡಾವಣೆಯಲ್ಲಿ ಅವ್ವನ ಜೊತೆ ಇದ್ದಾನೆ, ಕಾರ್ಖಾನೆಯಲ್ಲಿ ಗುಮಾಸ್ತ. ಇಷ್ಟು ತಿಳಿಯಲು ಅವಳಿಗೆ ಒಂದು ಮಳೆಗಾಲವೇ ಬೇಕಾಯಿತು. ಹಗಲೆಲ್ಲ ಅವನ ಸೈಕಲ್ಲು ಕಣ್ಣೆದುರು ಇರುತ್ತಿತ್ತು. ಅದು ಅಲ್ಲಿದೆಯೆಂದರೆ ಅವನು ಬರಲೇಬೇಕು... ಆ ಒಂದು ಧೈರ್ಯದ ಮೇಲೆ ಅವಳ ದಿನ ಕಳೆಯುತ್ತಿತ್ತು.

ಆದರೆ ಅವಳು ಅಪ್ಪನ ಕಣ್ಣು ತಪ್ಪಿಸಿ ಉಳಿಸಿಕೊಟ್ಟ ಬಾಡಿಗೆ ಅವನಿಗೆ ಸಾಲದು, ನ್ಯಾಯ ಎದುರಿಗೇ ಬೇಕು. ಒಂದು ಸಂಜೆ ಷಡಕ್ಷರಪ್ಪನವರನ್ನೇ ಕೇಳಿದ.

"ಯಜಮಾನ್ರೇ, ಹಗಲಲ್ಲಿ ದೀಪ ಹಚ್ಚಿಸಿ ರಾತ್ರಿ ಬಾಡಿಗೆ ಕೇಳೋದು ತಪ್ಪಲ್ವ? ನೀವು ಬಿಡದಿದ್ರೆ ಮುನಿಸಿಪಾಲಿಟಿಗೆ ಹೋಗ್ತೀವಿ."

ಷಡಕ್ಷರಪ್ಪನವರು ಅವನನ್ನು ನೋಡಿದರು. ಒಳಗೆ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದ ಮಗಳನ್ನೂ ನೋಡಿದರು. ಎಲ್ಲ ಅರ್ಥವಾಯಿತು. ಅವನನ್ನು ರಸ್ತೆಯ ತನಕ ಕರೆದೊಯ್ದು ಅದೇನೋ ಹೇಳಿದರು. ಅವಳಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಅವನ ಸೈಕಲ್ಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಭದ್ರಾವತಿಯಲ್ಲೇ ರೂಮು ಹಿಡಿದನಂತೆ ಎಂದು ಯಾರೋ ಅಂದರು.

'ಹೇಳದೆ ಹೋಗಿಬಿಟ್ಟರಲ್ಲ... ಬಾಡಿಗೆ ಉಳಿಯಿತು ಅಂತ ನಕ್ಕಿದ್ದನ್ನೇ ನಾನು ಏನೇನೋ ಅಂದುಕೊಂಡೆನೇ?'

ಈಗ ದೀಪವನ್ನು ಅಪ್ಪಾಜಿಯೇ ಹಚ್ಚುತ್ತಿದ್ದರು. ರೈಲು ಕೂಗಿದರೆ ಅವಳು ಒಳಗೆ ಹೋಗಿ ಕೂರುವಳು. ಅನ್ನ ಸೇರದು, ಮಾತು ಬೇಡ. ಹಬ್ಬದ ನೆವದಲ್ಲಿ ಭದ್ರಾವತಿಯ ಚಿಕ್ಕಮ್ಮ ಕಾಶಮ್ಮನ ಮನೆಗೆ ಹೋದಳು. ಕಾರ್ಖಾನೆಯ ಸೈರನ್ ಆದಾಗ ಬೀದಿ ತುಂಬ ಜನ. ಅಷ್ಟು ಜನರಲ್ಲಿ ಅವನೊಬ್ಬನನ್ನು ಅವಳ ಕಣ್ಣು ಹುಡುಕಿಯೇ ಬಿಟ್ಟಿತು. ಬಡವಾಗಿದ್ದ. ಜಗುಲಿಯ ಮೇಲಿದ್ದ ಅವಳನ್ನು ಕಂಡು ಒಂದು ಗಳಿಗೆ ನಿಂತ. ತಲೆ ತಗ್ಗಿಸಿ ಮುಂದೆ ನಡೆದ.

ಅವತ್ತು ಅವಳು ಚಿಕ್ಕಮ್ಮನ ಮಡಿಲಲ್ಲಿ ಅತ್ತಳು. ಯಾಕೆ ಅಂತ ಹೇಳಲಿಲ್ಲ.

ದೂರಿನ ಮೇಲೆ ಒಂದು ಸಂಜೆ ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರ್ ಸ್ಟ್ಯಾಂಡಿಗೆ ಬಂದರು. ರೈಲಿಳಿದವರೆಲ್ಲ ಸುತ್ತ ಸೇರಿದರು. ದೂರು ಕೊಟ್ಟ ಶಿವಶಂಕರಪ್ಪನೂ ಬಂದಿದ್ದ, ದೂರ ನಿಂತಿದ್ದ.

"ಹೊತ್ತು ಮುಳುಗಿದ ಮೇಲೇ ದೀಪ ಹಚ್ಚೋದು ಸ್ವಾಮಿ. ಇವರು ಸುಳ್ಳು ಹೇಳ್ತಿದ್ದಾರೆ," ಎಂದರು ಷಡಕ್ಷರಪ್ಪ. "ಬೇಕಾದ್ರೆ ನನ್ನ ಮಗಳನ್ನ ಕೇಳಿ. ಇಷ್ಟು ವರ್ಷ ಹಚ್ಚಿದೋಳು ಅವಳೇ."

ಎಲ್ಲರೂ ಅವಳ ಕಡೆ ತಿರುಗಿದರು. ನಿಜ ಹೇಳಿದರೆ ಅಪ್ಪಾಜಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕು. ಅಪ್ಪಾಜಿಯ ಮಾತಿಗೆ ಹೂಂ ಅಂದರೆ ಅವನು ಸುಳ್ಳನಾಗಬೇಕು. ಅವನು ತನ್ನವನಲ್ಲದಿದ್ದರೂ ಸರಿ, ಸುಳ್ಳನಾಗಬಾರದು...

"ಹಗಲಲ್ಲೇ ಹಚ್ತಿದ್ದೆ," ಎಂದಳು. "ಅಪ್ಪಾಜಿ ಹೇಳ್ತಿದ್ರು, ನಾನು ಹಚ್ತಿದ್ದೆ. ತಪ್ಪು ನಂದೂ ಇದೆ."

ಕೊನೆಯ ರೈಲಿನ ತನಕ ಒಂದೇ ಬಾಡಿಗೆ ಎಂದು ಇನ್ಸ್‌ಪೆಕ್ಟರ್ ಹೇಳಿ ಹೋದರು. ಜನ ಚದುರಿದರು. ಷಡಕ್ಷರಪ್ಪನವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಶಿವಶಂಕರಪ್ಪ ಹತ್ತಿರ ಬಂದ.

"ಮದುವೆ ಗೊತ್ತಾಗಿರೋ ಹುಡುಗಿ ನೀವು. ನನಗೋಸ್ಕರ ಇಷ್ಟು ಮಾಡಬಾರದಿತ್ತು."

"ಯಾರ ಮದುವೆ?"

"ನಿಮ್ಮದೇ. ಗಂಡು ನಿಶ್ಚಯ ಆಗಿದೆ, ಈ ಕಡೆ ಬರಬೇಡಿ ಅಂತ ಅವತ್ತು ನಿಮ್ಮ ತಂದೆ..."

ಅವಳು ತಂದೆಯ ಕಡೆ ತಿರುಗಿದಳು. ಷಡಕ್ಷರಪ್ಪನವರು ನೆಲ ನೋಡುತ್ತಿದ್ದರು.

"ನೀನೂ ಹೋದ್ರೆ ಮನೇಲಿ ನನಗ್ಯಾರಿದ್ದಾರವ್ವ," ಎಂದರು. "ಹೆದರಿಕೆಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ." ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ.



"ದಿನಾ ದೀಪ ಹಚ್ಚೋಕೆ ತಡ ಮಾಡ್ತಿದ್ರಲ್ಲ, ಎಲ್ಲರ ದುಡ್ಡು ಉಳೀಲಿ ಅಂತಾನಾ?" ಕೇಳಿದ ಅವನು.

"ತಡ ಮಾಡಿದ್ದು ಎಲ್ಲರಿಗಾಗಿ," ಎಂದಳು. ಕಣ್ಣು ತುಂಬಿತ್ತು. "ಕಾದದ್ದು ಒಬ್ಬರಿಗೆ."

ಅವನು ಒಂದು ಹೆಜ್ಜೆ ಮುಂದೆ ಬಂದ.

"ನಾಳೆ ಅವ್ವನ್ನ ಕರ್ಕೊಂಡು ಬರ್ತೀನಿ, ಹೆಣ್ಣು ಕೇಳೋಕೆ."

"ಅಪ್ಪಾಜಿ ಒಪ್ಪಲಿಲ್ಲ ಅಂದ್ರೆ?"

"ಒಪ್ಪೋ ತನಕ ಬರ್ತೀನಿ. ಒಪ್ಪಿದ ಮೇಲೂ ಇಲ್ಲೇ ಹೊಸಮನೇಲಿ ಇರ್ತೀವಿ, ಅವರು ಒಬ್ಬರೇ ಆಗಲ್ಲ."

"ಮತ್ತೆ ಇಷ್ಟು ದಿನ ಬರಲಿಲ್ಲವಲ್ಲ ನೀವು..."

"ನಿಶ್ಚಯ ಆಗಿದೆ ಅಂದ ಮೇಲೆ ಬರೋಕೆ ಒಂದು ನೆವ ಸಿಗಲಿಲ್ಲ ಜಯಾ."

"ಇನ್ಮೇಲೆ ನೆವ ಬೇಡ," ಎಂದಳು ಅವಳು. "ಬನ್ನಿ."