ಮೂಲೆ ಜಜ್ಜಿದ ಡಬ್ಬಿ

ನವ್ಯಾಳ ಗರ್ಭದಲ್ಲಿ ಎದೆಬಡಿತ ನಿಂತು ಒಂಬತ್ತು ದಿನವಾಗಿತ್ತು. ಅವಳಿದ್ದ ಅಮೆರಿಕದ ರಾಜ್ಯದಲ್ಲಿ ಗರ್ಭಪಾತದ ಮಾತ್ರೆ ಎಂದರೆ ಬಾಂಬು. ನಿಂತುಹೋದ ಗರ್ಭ ಹೊರಹೋಗಲೂ ಅದೇ ಮಾತ್ರೆ ಬೇಕು; ಅವಳಂಥವರಿಗೆ ಕೊಡಬಾರದೆಂದು ಕಾನೂನೇನೂ ಹೇಳಿರಲಿಲ್ಲ. ಆದರೂ ಡಾಕ್ಟರ ಚೀಟಿ ನೋಡಿ ಮೂರು ಔಷಧಿ ಅಂಗಡಿಯವರು ಆಗದೆಂದು ಕೈಯಾಡಿಸಿಬಿಟ್ಟಿದ್ದರು.

"ಫಾರ್ಮಸಿಯವ್ನು ನನ್ನ ಮುಖಾನೂ ನೋಡ್ಲಿಲ್ಲ ಅಕ್ಕಾ. ಕಂಪ್ಲಯನ್ಸ್, ರೂಲ್ಸು ಅಂದ, ಅಷ್ಟೇ."

"ಅಳ್ಬೇಡ ಕಣೇ. ನಾನ್ ಕಳಿಸ್ತೀನಿ."

ಫೋನಿನ ಈ ತುದಿಯಲ್ಲಿದ್ದ ಅಕ್ಕ ಶ್ರೀಲಕ್ಷ್ಮಿ ಸ್ವೀಡನ್ನಿನ ಸೋಲ್ನಾದಲ್ಲಿ, ಆಸ್ಪತ್ರೆಗಳಿಗೆ ಔಷಧಿ ಪೂರೈಸುವ ಗೋದಾಮಿನಲ್ಲಿ ಫಾರ್ಮಸಿಸ್ಟ್. ಅದೇ ಮಾತ್ರೆಯ ಡಬ್ಬಿಯೊಂದು ಲಾರಿಯಲ್ಲಿ ಮೂಲೆ ಜಜ್ಜಿಸಿಕೊಂಡು ಬಂದು, ಅವಳ ಕಣ್ಣೆದುರಿನ ನೀಲಿ ತೊಟ್ಟಿಯಲ್ಲಿ ಬಿದ್ದಿತ್ತು. ಮಾತ್ರೆಗೆ ಏನೂ ಆಗಿರಲಿಲ್ಲ. ಆದರೂ ಸುಡಬೇಕು, ಅದು ನಿಯಮ. ಅಲ್ಲಿ ನಿಯಮದ ಭಯ ಕೊಡಲು ಬಿಡದು, ಇಲ್ಲಿ ನಿಯಮವೇ ಉಳಿಸಲು ಬಿಡದು. ಹದಿನಾಲ್ಕು ವರ್ಷ ಒಂದು ಸಹಿಯನ್ನೂ ತಪ್ಪಿಸದ ಶ್ರೀಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಕದಿಯುವುದೆಂದು ತೀರ್ಮಾನಿಸಿದಳು.

ಕಳ್ಳತನವನ್ನೂ ಅವಳು ನಿಯಮಬದ್ಧವಾಗಿಯೇ ಯೋಜಿಸಿದಳು. ತೊಟ್ಟಿಯೊಳಗಿನ ಮಾತ್ರೆಗಳನ್ನು ಯಾರೂ ಎಣಿಸುವುದಿಲ್ಲ, ತೊಟ್ಟಿಯನ್ನು ತೂಗುತ್ತಾರೆ. ಆದ್ದರಿಂದ ತೆಗೆದ ಸ್ಟ್ರಿಪ್ಪಿನ ಜಾಗಕ್ಕೆ ಬೆಂಗಳೂರಿನ ಜ್ವರದ ಮಾತ್ರೆ. ಪ್ರತಿಸಲ ಸೂಟ್‌ಕೇಸಿಗೆ ಅರ್ಧ ಮೆಡಿಕಲ್ ಶಾಪನ್ನೇ ತುಂಬಿ ಕಳಿಸುವ ಅಮ್ಮನನ್ನು ಅವಳು ಮೊದಲ ಬಾರಿ ಮನಸಾರೆ ನೆನೆದಳು. ಇನ್ನು ಸಾಗಣೆ: ಕನ್ನಡ ಸಂಘದ ಪ್ರಜ್ಞೇಶ್ ಶನಿವಾರ ನವ್ಯಾಳ ಊರಿಗೇ ಹೊರಟಿದ್ದ. ವಿಮಾನ ಹತ್ತುವವರ ಕೈಯಲ್ಲಿ ಚಟ್ನಿಪುಡಿ ಕಳಿಸುವುದು ನಮ್ಮವರ ಜನ್ಮಸಿದ್ಧ ಹಕ್ಕು. ಪುಡಿಯ ಜೊತೆಗೆ ಇನ್ನೇನಿದೆಯೆಂದು ಅವನಿಗೂ ಹೇಳಿದ್ದಳು. "ಕೊಡಿ ಮೇಡಂ, ನನ್ ತಂಗೀಗ್ ಆಗಿದ್ರೆ?" ಎಂದಿದ್ದ.

ಉಳಿದದ್ದು ಸಮಯ. ಮಧ್ಯಾಹ್ನ ಎರಡೂವರೆಗೆ ಫೀಕಾ, ಅಂದರೆ ಕಾಫಿ ವಿರಾಮ. ಬೇರೆ ದಿನ ಒಬ್ಬರಾದರೂ ಅರ್ಧದಲ್ಲೇ ಎದ್ದು ಬರುತ್ತಾರೆ. ಶುಕ್ರವಾರ ಮಾತ್ರ ಕೇಕ್ ಇರುತ್ತದೆ. ತಟ್ಟೆ ಖಾಲಿಯಾಗುವ ತನಕ ಬೆಂಕಿ ಬಿದ್ದರೂ ಏಳುವ ಜನವಲ್ಲ. ಕಳೆದ ಎರಡು ಶುಕ್ರವಾರ ತಾನೂ ಎರಡೆರಡು ತುಂಡು ತಿನ್ನುತ್ತಾ ಕೂತದ್ದನ್ನು ನೆನೆದು ಶ್ರೀಲಕ್ಷ್ಮಿ ಲೆಕ್ಕ ಹಾಕಿದಳು. ಇಪ್ಪತ್ತೆಂಟು ನಿಮಿಷ. ಅವಳಿಗೆ ಬೇಕಾದದ್ದು ನಾಲ್ಕು. ಇಡೀ ಯೋಜನೆ ಕೇಕಿನ ಮೇಲೆ ನಿಂತಿದೆ ಎಂದು ಯೋಚಿಸಿ ಅವಳಿಗೇ ನಗು ಬಂತು.

ಆ ಶುಕ್ರವಾರ ಎರಡೂವರೆಗೆ ಎಲ್ಲರೂ ಹೋದರು. ಅವಳು ತೊಟ್ಟಿ ತೆರೆದಳು, ಡಬ್ಬಿ ಬಿಚ್ಚಿದಳು, ಸ್ಟ್ರಿಪ್ ಕೈಗೆ ಬಂತು. ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದು. ಒಬ್ಬರದಲ್ಲ, ಹನ್ನೊಂದು ಜನರದ್ದು.

ಬಾಗಿಲು ತೆರೆಯಿತು. ಮುಂದೆ ಮೇಲಧಿಕಾರಿ ಗುನಿಲ್ಲಾ, ಹಿಂದೆ ಇಡೀ ವಿಭಾಗ, ಎಲ್ಲರ ಕೈಯಲ್ಲೂ ಕಾಫಿ ಕಪ್ಪು. ಯಾರ ಮುಖದಲ್ಲೂ ಅನುಮಾನವಿರಲಿಲ್ಲ, ಹಸಿವು ಮಾತ್ರ ಇತ್ತು. "ಶ್ರೀ, ಇಲ್ಲಿನ ಫ್ರಿಜ್ಜಲ್ಲಿ ಬಚ್ಚಿಟ್ಟಿದ್ದೀಯಾ?" ಎಂದು ನಗುತ್ತಾ ಕೇಳಿದ ಗುನಿಲ್ಲಾಳ ಕಣ್ಣು ಸ್ಟ್ರಿಪ್ಪಿನ ಮೇಲೆ ಬಿದ್ದು, ನಗು ಅಲ್ಲೇ ನಿಂತಿತು. ಶ್ರೀಲಕ್ಷ್ಮಿಗೆ ಆಗ ನೆನಪಾಯಿತು: ಕಾಫಿ ಕೋಣೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ, ಕೇಕ್ ತರಬೇಕಾದವರ ಸಾಲಿನಲ್ಲಿ, ಈ ಶುಕ್ರವಾರದ ಮುಂದೆ ಜನವರಿಯಲ್ಲೇ ತಾನೇ ಕೈಯಾರೆ ಬರೆದಿಟ್ಟ ತನ್ನದೇ ಹೆಸರು.