ನಲವತ್ತೊಂದನೆಯ ಪುಟದ ನೀಲಿ

ಮಾರ್ಚ್ ಹದಿಮೂರರ ಬೆಳಿಗ್ಗೆ ಎಂಟು ಹತ್ತಕ್ಕೆ ಠಾಣೆಗೆ ಬಂದ ಸಂಗ್ರಹಾಲಯದ ಮುಖ್ಯಸ್ಥರು, ಕುರ್ಚಿ ತೋರಿಸಿದರೂ ಕೂರಲಿಲ್ಲವೆಂದು ಹಳಬರು ಇಂದಿಗೂ ಹೇಳುತ್ತಾರೆ. ತೀರಿಹೋದ ಚಿತ್ರಕಾರನೊಬ್ಬ ತನ್ನ ಬಣ್ಣಗಳು ತಯಾರಾದ ಬಗೆಯನ್ನು ಬರೆದಿಟ್ಟಿದ್ದ ಟಿಪ್ಪಣಿ ಪುಸ್ತಕ ಕಳುವಾಗಿತ್ತು. ಅರುವತ್ತು ವರ್ಷದ ಕಾಗದ. ತೇವ ತಗುಲಿದರೆ ಪುಟಗಳು ಅಂಟಿಕೊಂಡು ಹಾಳಾಗುತ್ತಿದ್ದವು.

"ಅದರ ಬಣ್ಣ ಪರೀಕ್ಷಿಸೋಕೆ ಹನ್ನೊಂದಕ್ಕೆ ಪ್ರಯೋಗಾಲಯದವರು ಬರ್ತಾರೆ. ಅವರಿಗೆ ಹೇಗೆ ಮುಖ ತೋರಿಸ್ಲಿ?"

ಎಫ್‌ಐಆರ್ ದಾಖಲಾಯಿತು. ಎಂಟು ಐವತ್ತಕ್ಕೆ ಇನ್ಸ್‌ಪೆಕ್ಟರ್ ಸ್ಥಳ ತಲುಪಿದರು. ಬಾಯಿ ಮುಚ್ಚದ ಕಾರಣಕ್ಕೆ 'ರೇಡಿಯೊ' ಎಂದೇ ಹೆಸರಾದ ಹೆಡ್‌ಕಾನ್‌ಸ್ಟೆಬಲ್ ಪಂಚನಾಮೆಗೆ ಕಾಗದ ತೆಗೆದ. ಕಿಟಕಿಯ ಗಾಜು ಒಡೆದಿತ್ತು, ಪರದೆ ಕಿತ್ತು ಬಿದ್ದಿತ್ತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್? ಇಲ್ಲಿಂದ ನುಗ್ಗಿದ್ದಾನೆ, ಎತ್ಕೊಂಡು ಹೋಗಿದ್ದಾನೆ."

ಇನ್ಸ್‌ಪೆಕ್ಟರ್ ಕೋಣೆಯ ಉದ್ದಕ್ಕೂ ಶತಪಥ ತಿರುಗುತ್ತಿದ್ದರು. ಮೇಜಿನ ಮೇಲೆ ಮೂರು ಜಲವರ್ಣ ಚಿತ್ರಗಳಿಗೆ ಕಪ್ಪು ಬಟ್ಟೆ ಹೊದಿಸಲಾಗಿತ್ತು, ಒಂದು ಸುಕ್ಕೂ ಇಲ್ಲದಂತೆ.

"ಇದು ನೀವು ಹೊದಿಸಿದ್ದಾ?"

"ಇಲ್ಲ," ಎಂದರು ಮುಖ್ಯಸ್ಥರು. "ಪರದೆ ಇದ್ರೆ ಬಟ್ಟೆ ಬೇಕಿಲ್ಲ. ಪರದೆ ಹೋಯ್ತಲ್ಲ, ಬೆಳಗಿನ ಬಿಸಿಲು ನೇರ ಮೇಜಿಗೇ ಬೀಳುತ್ತೆ. ಬಣ್ಣ ಮಾಸುತ್ತೆ."

"ಕದಿಯೋಕೆ ಬಂದವನಿಗೆ ಉಳಿದ ಚಿತ್ರಗಳ ಚಿಂತೆ ಯಾಕೆ?"

ರೇಡಿಯೊ ಪಂಚನಾಮೆಯ ಮೇಲಿಟ್ಟಿದ್ದ ಪೆನ್ನು ಎತ್ತಿದ.

ಒಳಕೋಣೆಯಲ್ಲಿ, ಹರಿದ ಕಾಗದಗಳನ್ನು ದುರಸ್ತಿ ಮಾಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದ ಹೆಂಗಸು ಅಂಟು ಸವರುತ್ತಿದ್ದಳು. ಎಲ್ಲರಿಗೂ ಆಕೆ ಕಾಗದದಕ್ಕ.

"ಇವತ್ತು ಎಷ್ಟೊತ್ತಿಗೆ ಬಂದ್ರಿ?"

"ಎಂಟಕ್ಕೆ."

"ಅದಕ್ಕೂ ಮೊದಲು?"

ಕುಂಚ ನಿಂತಿತು. ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು: "ಬಟ್ಟೆ ಹೊದಿಸದೆ ಹೋಗಿದ್ರೆ ನಾನು ಕಿಟಕೀನೇ ನಂಬ್ತಿದ್ದೆ."

"ಬಿಸಿಲಿಗೆ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ," ಎಂದಳಾಕೆ. ಕೀಲಿ ಆಕೆಯ ಬಳಿಯೇ ಇತ್ತು. ಆರೂವರೆಗೆ ಬಂದು ಪುಸ್ತಕ ತೆಗೆದು, ಕಳ್ಳತನವೆಂದು ಕಾಣಲು ಕಿಟಕಿ ಒಡೆದಿದ್ದಳು.

ಹತ್ತು ಐದಕ್ಕೆ ಆಕೆಯ ಮನೆಯ ಬೀರುವಿನಲ್ಲಿ, ಎರಡು ರಟ್ಟುಗಳ ನಡುವೆ, ಪುಸ್ತಕ ಸುರಕ್ಷಿತವಾಗಿ ಸಿಕ್ಕಿತು. ನಲವತ್ತೊಂದನೆಯ ಪುಟದಲ್ಲಿ ನೀಲಿ ಹೆಬ್ಬೆರಳ ಗುರುತಿತ್ತು.

"ಆ ಚಿತ್ರಕಾರರಿಗೆ ಬಣ್ಣ ಅರೆದು ಕೊಡ್ತಿದ್ದವಳು ನಮ್ಮಮ್ಮ ಸಾರ್. ಹದ ನೋಡೋಕೆ ಒತ್ತಿದ್ದು. ಅವಳದು ಒಂದು ಫೋಟೋನೂ ಇಲ್ಲ. ನೀಲಿ ದಪ್ಪಗಿರೋದು ಅಲ್ಲೊಂದೇ ಕಡೆ ಅಂತ ಇವತ್ತು ಅದನ್ನೇ ಪರೀಕ್ಷೆಗೆ ಕೆರೆದು ತಗೋತಿದ್ರು."

"ಹೇಳಬಹುದಿತ್ತಲ್ಲ?"

"ಮುಖ್ಯಸ್ಥರಿಗೆ ಮೂರು ಸಲ ಹೇಳ್ದೆ. ಭಾವನೆಗೂ ಸಂಶೋಧನೆಗೂ ಎಣ್ಣೆ ಸೀಗೆಕಾಯಿ ಅಂದ್ರು."

ಹತ್ತು ನಲವತ್ತಕ್ಕೆ ಬಂಧನವಾಯಿತು. ಆಕೆ ಕೇಳಿದ್ದು ಒಂದೇ: "ಪುಸ್ತಕ ಈಗ ಅವರ ಕೈಗೆ ಹೋಗುತ್ತಾ?"

"ಇಲ್ಲ. ಕೇಸು ಮುಗಿಯೋವರೆಗೆ ನ್ಯಾಯಾಲಯದ ವಶ. ಯಾರೂ ಕೆರೆಯೋ ಹಾಗಿಲ್ಲ."

"ಎಷ್ಟು ದಿನ?"

"ದಿನಾನಾ?" ಎಂದ ರೇಡಿಯೊ. "ನನ್ನ ಸರ್ವಿಸ್ ಮುಗಿದ್ರೂ ಇದು ಮುಗಿಯಲ್ಲಕ್ಕ."

ಜಪ್ತಿ ಪಂಚನಾಮೆಯಲ್ಲಿ ಹೆಬ್ಬೆರಳ ಗುರುತಿನ ವಿವರ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ ತಲೆ ಎತ್ತಿದರು. "ತಾಯಿಯ ಹೆಸರು?"

ಆಕೆ ಹೇಳಿದಳು. ಚಿತ್ರಕಾರನ ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಆ ಹೆಸರನ್ನು ಅವರು ತಪ್ಪಿಲ್ಲದೆ ಬರೆದಿದ್ದಾರೆಯೇ ಎಂದು ಬಗ್ಗಿ ನೋಡಿದ ಮೇಲೆಯೇ ಜೀಪು ಹತ್ತಿದಳು.